ಗುಡ್ಡಕ್ಕೆ ಹೇಳಿದ ಹೆಸರು

ಸೈಕಲ್ಲಿನ ಮೇಲೆ ಮನುಷ್ಯ ಕೂತು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಮನುಷ್ಯನ ಮೇಲೆ ಸೈಕಲ್ಲು ಕೂತು ಹೋಗುವುದನ್ನು ನೋಡಬೇಕೆಂದರೆ ನಮ್ಮ ಮನೆಯವರನ್ನು ನೋಡಬೇಕು! ಬೈಲಹೊಂಗಲದ ಸುತ್ತ ಹತ್ತು ಹರದಾರಿಯೊಳಗೆ ಎಲ್ಲಿ ಗುಡ್ಡ ಕಂಡರೂ ಸೈಕಲ್ಲನ್ನು ಹೆಗಲಿಗೇರಿಸಿ ಹತ್ತುವುದು, ಇಳಿಯುವಾಗ ಅದರ ಮೇಲೆ ಕೂತು ಇಳಿಯುವುದು, ಇದು ಇವರ ಹುಚ್ಚು. ಕೂತೇ ಇಳಿಯುತ್ತಾರೆಂಬ ಭರವಸೆಯೇನೂ ಇಲ್ಲ. ಎಷ್ಟೋ ಸಲ ಸೈಕಲ್ಲು ಮೊದಲು ಕೆಳಗೆ ಮುಟ್ಟಿದೆ, ಇವರು ಆಮೇಲೆ ಮುಟ್ಟಿದ್ದಾರೆ.

ಇವರ ಹೆಸರು ಮಾತ್ರ ಕೇಳಬೇಡಿ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮತ್ತೆ ನಾನು ಈ ಮನೆಗೆ ಬಂದ ಮೊದಲ ವಾರವೇ ಹೇಳಿಬಿಟ್ಟಿದ್ದಾರೆ. ಒಡಪಿನಲ್ಲಿ, ಅಂದರೆ ಪ್ರಾಸ ಕೂಡಿಸಿದ ಸಾಲಿನಲ್ಲಿಟ್ಟು ಹೇಳಿದರೆ ದೋಷವಿಲ್ಲವಂತೆ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ, "ಹೆಸರ ಹೇಳಿ ಒಳಗ ಬಾ" ಎಂದಾಗ ಎರಡು ಸಾಲಿನ ಒಡಪಿನಲ್ಲಿ ಹೆಸರು ಸೇರಿಸಿ ಹೇಳಿ ಒಳಗೆ ಬಂದವಳು ನಾನು. ಅದೇ ಮೊದಲು. ಬೇರೆಯವರ ಗಂಡಂದಿರಾಗಿದ್ದರೆ ಒಂದೆರಡು ದಿನ ಸವೆದರೂ ನಡೆದೀತು. ಇವರದ್ದು ಮೊದಲೇ ಗುಡ್ಡದ ಅಂಚಿನಲ್ಲಿಟ್ಟ ಆಯುಷ್ಯ. ನಾನೇಕೆ ಕೈಹಾಕಲಿ?

ಇವರೇನು ಕಡಿಮೆ? ತಾಯಿಯ ಎದುರು ನನ್ನನ್ನು ಹೆಸರು ಹಿಡಿದು ಕರೆಯಲು ಇವರಿಗೂ ನಾಚಿಕೆ. ನಾನು ಎರಡು ಮಾರು ದೂರದಲ್ಲಿ ಹಿಟ್ಟು ನಾದುತ್ತ ಕೂತಿದ್ದರೂ ಮಾತು ಅತ್ತೆಯ ಮೂಲಕವೇ ಬರಬೇಕು.

"ಅವ್ವಾ, ನಾಳೆ ಹೊತ್ತ ಹೊಂಡೂದರಾಗ ನಾಕ ರೊಟ್ಟಿ ಕಟ್ಟಂತ ಹೇಳ ಅಕೀಗಿ."

"ಎಷ್ಟಕ್ಕ ತಿರಗಿ ಬರತಾರ ಕೇಳ್ರಿ ಅತ್ತಿ."

"ಎರಡಕ್ಕ ಬರತೇನಂತ ಹೇಳವ್ವಾ."

ನಡುವೆ ಅತ್ತೆ ಇಬ್ಬರಿಗೂ ಏನನ್ನೂ ಹೇಳದೆ ಅಡಕೆ ಕತ್ತರಿಸುತ್ತ ಕೂತಿರುತ್ತಿದ್ದರು.

ಈ ಎರಡು ಗಂಟೆಯ ಸಂಕಟ ನಿಮಗೆ ತಿಳಿಯಬೇಕು. ಇವರದ್ದು ಬಜಾರದಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಅಲ್ಲಿ ಹಿಡಿಸದೆ ಮನೆಗೆ ಬಂದ ಗಡಿಯಾರಗಳು ಹನ್ನೊಂದು, ಪಡಸಾಲೆಯ ಗೋಡೆಯ ತುಂಬ. ಒಂದರ ವೇಳೆ ಇನ್ನೊಂದಕ್ಕೆ ಒಪ್ಪಿಗೆಯಿಲ್ಲ. ಒಂದೂವರೆಗೇ ಮೊದಲನೆಯದು ಎರಡು ಹೊಡೆಯುತ್ತದೆ. ನಾನು ಬಾಗಿಲಿಗೆ ಓಡುತ್ತೇನೆ. ಐದು ನಿಮಿಷಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ನಮ್ಮ ಮನೆಯಲ್ಲಿ ಎರಡು ಹೊಡೆಯುವುದು ಮುಗಿಯಲು ಒಂದು ತಾಸು ಬೇಕು. ಅಷ್ಟರಲ್ಲಿ ನನ್ನ ಗಂಡ ಹನ್ನೊಂದು ಸಲ ಕಾಲು ಜಾರಿ, ಹನ್ನೊಂದು ಕಂದಕಕ್ಕೆ ಬಿದ್ದು ಮುಗಿದಿರುತ್ತಿದ್ದರು! ಒಮ್ಮೆ ಮಳೆಗಾಲದಲ್ಲಿ ಸೊಗಲದ ಗುಡ್ಡಕ್ಕೆ ಹೋದವರು ಐದಕ್ಕೆ ಬಂದರು. ಮೈಯೆಲ್ಲ ಕೆಸರು, ಸೈಕಲ್ಲಿನ ಹ್ಯಾಂಡಲ್ಲು ಒಂದು ಕಡೆ ನೋಡುತ್ತಿದ್ದರೆ ಚಕ್ರ ಇನ್ನೊಂದು ಕಡೆ ನೋಡುತ್ತಿತ್ತು. ಅತ್ತೆ ಅಂದು ಮನೆಯಲ್ಲಿರಲಿಲ್ಲ, ನೇರವಾಗಿಯೇ ಕೇಳಿದೆ.

"ಎರಡಕ್ಕ ಬರತೇನಿ ಅಂದಿದ್ರಿ."

"ಯಾವ ಗಡಿಯಾರದಾಗ?" ಎಂದರು, ತಣ್ಣಗೆ.

ಗುಡ್ಡಕ್ಕೆ ಹೋಗಿ ಮಾಡುವುದಾದರೂ ಏನು? ತುದಿಯಲ್ಲಿ ನಿಂತು ಎದುರಿನ ಬಂಡೆಗೆ ಒಂದು ಕೂಗು ಹಾಕುವುದು. ಕೂಗು ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಸ್ಟಾಪ್ ವಾಚಿನಲ್ಲಿ ನೋಡುವುದು. ಯಾವುದೋ ಸಾಲೆಯ ಆಟದ ಮಾಸ್ತರರು ರಿಪೇರಿಗೆ ಕೊಟ್ಟು ಮರೆತುಬಿಟ್ಟ ವಾಚು ಅದು. ನೋಡಿದ್ದನ್ನು ಒಂದು ಸಣ್ಣ ನೋಟಬುಕ್ಕಿನಲ್ಲಿ ಬರೆಯುವುದು. ಬೇಸಗೆಯಲ್ಲಿ ಕೂಗು ಬೇಗ ಬರುತ್ತದಂತೆ, ಚಳಿಗಾಲದಲ್ಲಿ ತುಸು ತಡವಂತೆ, ಮಳೆಗಾಲದ್ದು ಹೇಳಲಾಗದಂತೆ. ಅದಕ್ಕೇ ಒಂದೊಂದು ಗುಡ್ಡಕ್ಕೂ ಮೂರು ಕಾಲದಲ್ಲೂ ಹೋಗಬೇಕು. ಕೂಗು ತಿರುಗಿ ಬರುವ ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವ ಮನುಷ್ಯನಿಗೆ ತಾನು ತಿರುಗಿ ಬರುವ ಹೊತ್ತು ಗೊತ್ತಿರಬಾರದೇ?

"ಏನಂತ ಕೂಗತೀರಿ?" ಎಂದು ಒಮ್ಮೆ ಕೇಳಿದೆ.

"ಬಾಯಿಗೆ ಬಂದದ್ದು" ಎಂದರು.

ಅತ್ತೆಯಾದರೂ ಮಗನಿಗೆ ಬುದ್ಧಿ ಹೇಳುತ್ತಾರೆಂದುಕೊಂಡಿದ್ದೆ. ಆ ಆಸೆಯೂ ಒಂದು ಬೇಸಗೆಯಲ್ಲಿ ಮುಳುಗಿತು. ಸವದತ್ತಿ ಗುಡ್ಡಕ್ಕೆ ಹೋಗಿದ್ದರು. ಎಲ್ಲರೂ ಹೋಗುವ ರಸ್ತೆ ಬಿಟ್ಟು ಆಡು ಹತ್ತುವ ದಾರಿಯಲ್ಲಿ, ಕಾದ ಕಲ್ಲಿನ ಮೇಲೆ, ಸೈಕಲ್ಲನ್ನು ತಲೆಯ ಮೇಲೆ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದಿದ್ದಾರೆ. ಅಲ್ಲಿ ಎಲ್ಲವ್ವನಿಗೆ ನಡೆದುಕೊಳ್ಳಲು ಬಂದ ಮಂದಿ ನೋಡಿದ್ದಾರೆ. ಇಷ್ಟು ಕಷ್ಟಪಟ್ಟು ಸೈಕಲ್ಲು ಹೊತ್ತು ಬಂದವನೆಂದರೆ ಅದು ಹರಕೆಯಲ್ಲದೆ ಇನ್ನೇನು? ಒಬ್ಬ ಮುದುಕಿ ಓಡಿಬಂದು ಸೈಕಲ್ಲಿಗೆ ಭಂಡಾರದ ಅರಿಸಿನ ಹಚ್ಚಿ, ಇವರ ಹಣೆಗೂ ಬಳಿದು, ಕಾಲು ಮುಟ್ಟಿ, "ಯಾವ ಬ್ಯಾನಿಗೆ ಬೇಡಕೊಂಡಿದ್ದೆಪಾ?" ಎಂದು ಕೇಳಿದಳಂತೆ. ನಾಲ್ಕು ಜನ ಸೈಕಲ್ಲಿಗೆ ಕೈಮುಗಿದರಂತೆ. ಗುಡಿಯ ಕಡೆ ತಲೆಯನ್ನೂ ಹಾಕದೆ ತುದಿಯಲ್ಲಿ ಕೂಗಿ ಬಂದ ಇವರು ಮೈತುಂಬ ಭಂಡಾರದೊಡನೆ ಮನೆಗೆ ಬಂದರೆ, ಅತ್ತೆಯ ಕಣ್ಣಲ್ಲಿ ನೀರು.

"ನೋಡ, ನನ್ನ ಮಗಾ ಎಲ್ಲವ್ವನ ದರ್ಶನಾ ಮಾಡಿ ಬಂದ. ನೀ ಸುಮ್ನ ಹಳಹಳಸ್ತಿ."

ಅಂದಿನಿಂದ ಮನೆಯಲ್ಲಿ ಹಳಹಳಿಸುವುದಕ್ಕೆ ನಾನೊಬ್ಬಳೇ ಉಳಿದೆ.

ಒಂದು ಚಳಿಗಾಲದಲ್ಲಿ, ಏನಾಗುತ್ತದೋ ಕಣ್ಣಾರೆ ನೋಡಿಬಿಡೋಣವೆಂದು ನಾನೂ ಹೋದೆ. ಕಿತ್ತೂರಿನ ಆಚೆಯ ಗುಡ್ಡ. ತಣ್ಣನೆಯ ಗಾಳಿಗೆ ಕಿವಿಗೆ ಅರಳೆ ತುರುಕಿ, ಮೇಲೆ ಶಾಲು ಸುತ್ತಿ ಹಿಂದಿನ ಕ್ಯಾರಿಯರ್ ಮೇಲೆ ಕೂತಿದ್ದೆ. ಗುಡ್ಡದ ಬುಡದಲ್ಲಿ ನನ್ನನ್ನು ಒಂದು ಕಲ್ಲಿನ ಮೇಲೆ ಕೂಡಿಸಿ ಇವರು ಮೇಲೆ ಹೋಗಿ ಅದೇನೋ ಕೂಗಿದರು. ಅರಳೆಯ ದೆಸೆಯಿಂದ ನನಗೆ ಕೇಳಲಿಲ್ಲ. ಬರುವಾಗ ಇಳಿಜಾರಿನಲ್ಲಿ ಸೈಕಲ್ಲು ಬಾಣದಂತೆ ಹೊರಟಿತು.

"ಬ್ರೇಕ್ ಐತೇನ್ರೀ?" ಎಂದೆ, ಬೆನ್ನು ಗಟ್ಟಿಯಾಗಿ ಹಿಡಿದು.

"ಐತಿ. ಮನ್ಯಾಗ ಐತಿ, ಬಿಚ್ಚಿ ಇಟ್ಟೇನಿ."

ಆಮೇಲೆ ನಾನು ಜೊತೆಗೆ ಹೋಗಲಿಲ್ಲ. ಮನೆಯಲ್ಲಿ ಕೂತು ಹೆದರುವುದೇ ಎಷ್ಟೋ ಆರಾಮ ಎನಿಸಿತು.

ಹೀಗೇ ವರ್ಷಗಳು ಹೋದವು. ಹೊಸ ಶತಮಾನ ಬಂತು, ಎಲ್ಲರ ಕಿಸೆಗೂ ಮೊಬೈಲು ಬಂತು. ಇವರಿಗೂ ಬಂತು, ಅದನ್ನು ಅಂಗಡಿಯಲ್ಲೇ ಬಿಟ್ಟು ಗುಡ್ಡಕ್ಕೆ ಹೋಗುತ್ತಿದ್ದರು. ಐವತ್ತು ದಾಟಿದ ಮೇಲೆ ಒಂದು ದಿನ ಅಂಗಡಿಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಡಾಕ್ಟರು ನೋಡಿ, ಎದೆಯ ಬಡಿತ ಒಮ್ಮೊಮ್ಮೆ ತಪ್ಪುತ್ತಿದೆ, ಗುಡ್ಡ ಗಿಡ್ಡ ಬಿಡಬೇಕು ಎಂದರು. ಇವರು ನಕ್ಕುಬಿಟ್ಟರು.

"ಮುವತ್ತ ವರ್ಷ ಇದನ್ನ ರಿಪೇರಿ ಮಾಡೇನ್ರಿ ಡಾಕ್ಟರ. ಬಡಿತ ತಪ್ಪಿದ ಗಡಿಯಾರ ಭಾಳ ದಿನಾ ನಡೀತಾವ."

ನನಗೆ ನಗು ಬರಲಿಲ್ಲ. ಅತ್ತು, ಉಪವಾಸ ಕೂತು ಕೊನೆಗೆ ಒಂದು ಕರಾರಿಗೆ ಒಪ್ಪಿಸಿದೆ. ಗುಡ್ಡಕ್ಕೆ ಹೋದ ದಿನ ಹನ್ನೊಂದರೊಳಗೆ ಇಳಿದು, ಎಲ್ಲಿ ಫೋನು ಸಿಗುತ್ತದೋ ಅಲ್ಲಿಂದ ಮನೆಗೆ ಒಂದು ಮಾತು ಹೇಳಬೇಕು.

ಶ್ರಾವಣ ಮಾಸ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮೊದಲ ಬಸ್ಸಿಗೇ ರಾಮದುರ್ಗದ ಕಡೆ, ತೊರಗಲ್ಲಿಗೆ ಹೋಗಿದ್ದರು. ಹನ್ನೊಂದಾಯಿತು, ಫೋನಿಲ್ಲ. ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳಲ್ಲಿ ಹನ್ನೊಂದು ಹೊಡೆದು ಮುಗಿಯಿತು, ಫೋನಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಚಾಚಾನ ಬಾಗಿಲಿಗೆ ಹೋದೆ. ಚಾಚಾನದು ಬಾಡಿಗೆ ಟೆಂಪೋ.

"ಚಾಚಾ, ತೊರಗಲ್ಲಿಗೆ ಹೋಗೂಣು ನಡೀರಿ. ಅವರು ಫೋನ ಮಾಡಿಲ್ಲ."

ಚಾಚಾ ಊಟದ ತಾಟಿನಿಂದ ಎದ್ದು ಕೈತೊಳೆದುಕೊಂಡ. "ಗಡಿಯಾರ ಸಾವ್ಕಾರರಿಗೆ ಏನೂ ಆಗೂದಿಲ್ಲ ಬೇಟಿ. ಕುಂದ್ರು" ಎಂದ. ಆದರೆ ಅಂದು ಅವನು ಟೆಂಪೋ ಓಡಿಸಿದ ಪರಿ ನೋಡಿದರೆ ಅವನಿಗೂ ಆ ಮಾತಿನ ಮೇಲೆ ನಂಬಿಕೆ ಇದ್ದಂತೆ ಕಾಣಲಿಲ್ಲ.

ತೊರಗಲ್ಲ ಗುಡ್ಡದ ಮೇಲೆ ಮೋಡ ಇಳಿದು ಕೂತಿತ್ತು. ಜಿಟಿಜಿಟಿ ಮಳೆ. ಚಾಚಾನ ಮೊಣಕಾಲು ಹತ್ತುವಂಥವಲ್ಲ, ಕೆಳಗೇ ನಿಂತು ಹಾರ್ನು ಹೊಡೆಯುತ್ತಿರುತ್ತೇನೆಂದ. ಸ್ವಲ್ಪ ಮೇಲೆ ಹೋಗುತ್ತಲೇ ಒಂದು ಬಂಡೆಗೆ ಆನಿಸಿಟ್ಟ ಸೈಕಲ್ಲು ಕಂಡಿತು. ಸೈಕಲ್ಲು ಒಂದೇ. ಇವರು ಅದನ್ನು ಬಿಟ್ಟು ಮೇಲೆ ಹೋದದ್ದು ನಾನು ಕೇಳಿಯೇ ಇರಲಿಲ್ಲ. ಹೊರಲಾರದೆ ಬಿಟ್ಟರೇ? ಎದೆ ಏನಾದರೂ?

"ರೀ! ರೀ!" ಎಂದು ಕೂಗಿದೆ. ಗುಡ್ಡವೂ ರೀ ಎಂದಿತು, ಅಷ್ಟೇ.

ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುತ್ತಿದ್ದ ಒಬ್ಬ ಇಳಿದು ಬಂದ.

"ಯಾರನ್ನ ಹುಡಕಾಕ ಹತ್ತೀರಿ ಯವ್ವಾ?"

"ಈ ಸೈಕಲ್ಲಿನವರನ್ನ. ನಮ್ಮನಿಯವರು."

"ಅವರಾ? ಹಿಂದ ಎರಡ ಮೂರ ಸಲ ಬಂದಾರ್ರಿ, ಮ್ಯಾಲ ನಿಂತು ಕೂಗತಾರ. ಇವತ್ತ ಕೂಗ ಕೇಳಿಲ್ಲ." ನನ್ನ ಮುಖ ನೋಡಿ ಅವನು ಅವಸರ ಮಾಡಿದ. "ಹೆಸರ ಏನ್ರಿ? ನಂದು ದೊಡ್ಡ ದನಿ, ಹೆಸರ ಹಿಡದು ಕೂಗತೇನಿ."

ಹೆಸರು! ನಾಲಿಗೆಯ ತುದಿಗೆ ಬಂದದ್ದನ್ನು ಹಾಗೇ ನುಂಗಿದೆ. ಇಂಥ ದಿನ, ಇಂಥ ಜಾಗದಲ್ಲಿ, ಆಯುಷ್ಯ ಸವೆಸಲೇ?

"ದೇವರ ಹೆಸರು" ಎಂದೆ.

"ಯಾವ ದೇವರ್ರಿ?"

"ಊರೂರಿಗೆ ಗುಡಿ ಇರತೈತಿ ನೋಡ್ರಿ, ಆ ದೇವರು."

ಅವನು ಬಾಯಿಗೆ ಕೈ ಅಡ್ಡ ಹಿಡಿದು ಶುರು ಮಾಡಿದ. ಬೀರಪ್ಪಾ, ಹನಮಪ್ಪಾ, ಬಸಪ್ಪಾ, ಕಲ್ಲಪ್ಪಾ. ಒಂದೊಂದಕ್ಕೂ ನನ್ನ ಮುಖ ನೋಡುವುದು, ನಾನು ಅಲ್ಲವೆಂದು ತಲೆಯಾಡಿಸುವುದು. ಮಲ್ಲಪ್ಪಾ ಎಂದಾಗ ಆಚೆಯ ದಿನ್ನೆಯಿಂದ ಓ ಎಂಬ ಉತ್ತರ ಬಂತು. ಇವರ ಹೆಸರಲ್ಲದಿದ್ದರೂ ಹೋದ ಜೀವ ಬಂದಂತಾಯಿತು. ನೋಡಿದರೆ ಇನ್ನೊಬ್ಬ ಕುರಿ ಕಾಯುವವ. "ಯಾಕಲೇ?" ಎಂದ.

ಆಗ ನನಗೆ ಏನಾಯಿತೋ. ಒಂದು ಬಂಡೆ ಹತ್ತಿ, ಸೆರಗು ಬಿಗಿದು, ಇಪ್ಪತ್ತು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತು ಹೇಳಿದ್ದ ಒಡಪನ್ನು ತೊರಗಲ್ಲ ಗುಡ್ಡಕ್ಕೆ ಕೂಗಿ ಹೇಳಿದೆ.

"ತಾಟ ತುಂಬ ಹೋಳಿಗಿ, ಮ್ಯಾಲ ತುಪ್ಪಾ ಸುರದೇನಿ, ಇಂಥವರ ಹೆಸರ ಹೇಳಿ ಒಳಗ ನಡದೇನಿ!"

ಇಂಥವರ ಎಂಬಲ್ಲಿ ಹೆಸರಿತ್ತು ಎನ್ನುವುದನ್ನು ನೀವೇ ತಿಳಿದುಕೊಳ್ಳಿ. ಕುರಿಯವನು ಬಾಯಿ ತೆರೆದು ನಿಂತ. ಈ ಮಳೆಯಲ್ಲಿ, ಗಂಡ ಕಾಣದ ಹೊತ್ತಿನಲ್ಲಿ ಹೋಳಿಗೆ ತುಪ್ಪದ ಮಾತಾಡುವ ಹೆಂಗಸನ್ನು ಅವನು ಎಲ್ಲಿ ನೋಡಿದ್ದಾನು? ಉತ್ತರವಿಲ್ಲ. ಮತ್ತೆ ಕೂಗಿದೆ. ಈ ಸಲ ಹೋಳಿಗೆಯೂ ಇಲ್ಲ, ತುಪ್ಪವೂ ಇಲ್ಲ, ಬರೀ ಹೆಸರು. ಮತ್ತೊಮ್ಮೆ ಕೂಗಿದೆ. ಮೂರನೆಯ ಸಲ ಗುಡ್ಡ ಹೆಸರನ್ನು ತಿರುಗಿ ಹೇಳಿದ ಮೇಲೆ, ಎಡಗಡೆಯ ತಗ್ಗಿನಿಂದ ಸಣ್ಣಗೆ ಒಂದು ದನಿ ಬಂತು.

"ಇಲ್ಲೇ ಅದೇನಿ."

ಬಂಡೆಗಳ ಸಂದಿಯಲ್ಲಿ ಜಾರಿ ಕೂತಿದ್ದರು. ಕಾಲು ಉಳುಕಿ ಊದಿತ್ತು, ಮುಖ ಬಿಳಿಚಿಕೊಂಡು ದನಿ ಉಡುಗಿಹೋಗಿತ್ತು. ನಾನು ಅವರ ಎದೆಯ ಮೇಲೆ ಕೈಯಿಟ್ಟೆ. ಬಡಿಯುತ್ತಿತ್ತು, ತಪ್ಪುತಪ್ಪಾಗಿಯಾದರೂ ಬಡಿಯುತ್ತಿತ್ತು. ಆಗ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ಅಷ್ಟ ಕೂಗಿದ್ರೂ ಕೇಳಲಿಲ್ಲೇನು?"

"ರೀ ಅಂದದ್ದ ಕೇಳ್ತು. ಯಾರದೋ ಹೇಣ್ತಿ ಅಂದಕೊಂಡೆ. ನೀ ಬೈಲಹೊಂಗಲದಾಗ ಇದ್ದೆಲ್ಲ" ಎಂದರು, ಉಸಿರು ಎಳೆದುಕೊಳ್ಳುತ್ತ. "ಆಮ್ಯಾಲ ಬೀರಪ್ಪ, ಬಸಪ್ಪ ಅಂತ ಕೂಗಾಕ ಹತ್ತಿದ್ರು. ಪಾಪ, ಯಾರೋ ಭಾಳ ಮಂದೀನ್ನ ಕಳಕೊಂಡಾರ ಅನ್ನಿಸ್ತು."

ಮನೆಗೆ ಬಂದ ಮೇಲೆ ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಹೆಸರ ಒಡಪಿನಾಗ ಹೇಳಿದ್ಯೋ, ಬರೇ ಹೇಳಿದ್ಯೋ?" ಒಡಪಿನಲ್ಲಿ ಎಂದೆ. ಮೂರರಲ್ಲಿ ಒಂದಂತೂ ಸತ್ಯ. ಅವರು ಸಮಾಧಾನದಿಂದ ಅಡಕೆ ಕತ್ತರಿಸಲು ಕೂತರು. ಇವರು ಗಟ್ಟಿಯಾಗಿ ಇನ್ನೂ ಇದ್ದಾರೆ, ಅಂಗಡಿಗೆ ಹೋಗುತ್ತಾರೆ, ಆಯುಷ್ಯ ಸವೆದದ್ದು ನನಗೇನೂ ಕಾಣುವುದಿಲ್ಲ.

ಆದರೆ ಅಂದು ಗುಡ್ಡ ಇಳಿಯುವಾಗ ನಡೆದ ಒಂದು ಮಾತನ್ನು ಅತ್ತೆಗೆ ಹೇಳಿಲ್ಲ. ಕುರಿಯವನು ಇವರನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಹಾಕಿಕೊಂಡು ಮುಂದೆ ನಡೆದಿದ್ದ. ಪಾಚಿಗಟ್ಟಿದ ಒಂದು ಕಲ್ಲು ಬಂದಾಗ ಹಿಂದೆ ತಿರುಗಿ ನನಗೆ ಹೇಳಿದ.

"ಜ್ವಾಕಿಲೆ ಬರ್ರಿ ನೀಲವ್ವಾರ, ಇಲ್ಲಿ ಕಾಲ ಜಾರತೈತಿ."

ನಾನು ಅಲ್ಲೇ ನಿಂತೆ. "ನನ್ನ ಹೆಸರ ನಿನಗ ಹೆಂಗ ಗೊತ್ತಪಾ?"

"ನೀವ ಅಲ್ಲೇನ್ರಿ ಮತ್ತ?" ಎಂದ ಅವನು. "ಇವರು ಮ್ಯಾಲ ನಿಂತು ಕೂಗೂದು ಅದನ್ನರಿ. ನೀಲಾ ಅಂತ ಕೂಗತಾರ, ಗಡಿಯಾರ ಹಿಡಕೊಂಡು ಸುಮ್ನ ನಿಂದರತಾರ. ಬ್ಯಾಸಗ್ಯಾಗ ಬಂದಾಗೂ ಅದ, ಥಂಡ್ಯಾಗ ಬಂದಾಗೂ ಅದ."

ಇವರು ಅವನ ಬೆನ್ನ ಮೇಲೆ ಮುಖವನ್ನು ಆ ಕಡೆ ತಿರುಗಿಸಿಕೊಂಡು, ಮಳೆ ನೋಡುವವರಂತೆ ಕೂತಿದ್ದರು. ಕೆಳಗೆ ಚಾಚಾ ಇನ್ನೂ ಹಾರ್ನು ಹೊಡೆಯುತ್ತಿದ್ದ. ಇವರ ಹೆಸರು ಹೇಳಲಾರದೆ ಅಷ್ಟು ಹೊತ್ತು ಆ ಕುರಿಯವನೆದುರು ಒದ್ದಾಡಿದ್ದೆನಲ್ಲ, ನನ್ನ ಹೆಸರೇನೆಂದು ಅವನು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ.