ಪಂಕ್ತಿಯಲ್ಲಿ ನನ್ನ ಗೈರುಹಾಜರಿ

ಊರಿಗೆಲ್ಲ ಆರೋಗ್ಯ ಬೋಧಿಸಲು ಬೋಧಿಸುವವರ ಹೊಟ್ಟೆ ತುಂಬಿರಬೇಕೆಂದೇನೂ ಇಲ್ಲ, ಗಂಟಲು ಗಟ್ಟಿಯಿದ್ದರೆ ಸಾಕು. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಅಕ್ಕೋರಾಗಿದ್ದಾಗ ಇದನ್ನು ಕಂಡುಕೊಂಡೆ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಎಲ್ಲಿ ನೋಡಿದರೂ ಕನ್ನಡ ನಾಡು ಒಂದಾಗಬೇಕೆಂಬ ಮಾತು. ಹತ್ತಿ ಅಂಗಡಿಯ ಗುಮಾಸ್ತರಾದ ನಮ್ಮ ಯಜಮಾನರು ಸಂಜೆ ಸಭೆಗೆ ಹೋಗಿ ನಾಡನ್ನು ಒಂದು ಮಾಡಿ, ಬರುವಾಗ ಮಿರ್ಚಿ ಭಜಿ ತಿಂದು, ಮನೆಯಲ್ಲಿ ಹಸಿವಿಲ್ಲ ಎನ್ನುತ್ತಿದ್ದರು. ಅತ್ತೆ ಉಣ್ಣುವುದು ಒಂದು ಹೊತ್ತು, ಎಂಟು ವರ್ಷದ ಮಗಳು ಶಾಂತಾ ಉಣ್ಣುವುದು ಇನ್ನೊಂದು ಹೊತ್ತು. ನಾಲ್ಕು ಜನರ ಮನೆಯಲ್ಲಿ ನಾಲ್ಕು ಪಂಕ್ತಿ.

ಶಾಲೆಯ ಆರೋಗ್ಯ ಪಾಠವನ್ನು ಮನೆಗೂ ತರುವ ಹುಕಿ ನನಗೆ ಬಂತು. ಸಂಜೆ ಏಳಕ್ಕೆ ಎಲ್ಲರೂ ಕೈ ತೊಳೆದು ಒಟ್ಟಿಗೆ ಕೂತು ಬಿಸಿ ರೊಟ್ಟಿ, ಸೊಪ್ಪಿನ ಪಲ್ಯ ಉಣ್ಣಬೇಕು, ಭಜಿ ಬಂದ್ ಎಂದು ಸಾರಿದೆ. ಶಾಂತಾಳ ಕೈಗೆ ಹಳೆಯ ನೋಟುಬುಕ್ಕು ಕೊಟ್ಟು ದಿನಾ ಹಾಜರಿ ಹಾಕಲು ಹೇಳಿದೆ. ಯಜಮಾನರು ಎರಡು ದಿನ ಗೊಣಗಿ, ಮೂರನೆಯ ದಿನ ಸಭೆಯನ್ನು ಅರ್ಧಕ್ಕೇ ಬಿಟ್ಟು ಬಂದರು. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ತೊಡಕು ಒಂದೇ. ಒಲೆಯ ಮುಂದೆ ಒಂದೊಂದಾಗಿ ಬಿಸಿ ರೊಟ್ಟಿ ಬಡಿಯುವವಳು ಪಂಕ್ತಿಯಲ್ಲಿ ಕೂರುವುದು ಹೇಗೆಂದು ಪಾಠಪುಸ್ತಕದಲ್ಲಿ ಇರಲಿಲ್ಲ. ಅದನ್ನು ಬರೆದ ಮಹಾಶಯರು ರೊಟ್ಟಿ ತಿಂದವರು, ಬಡಿದವರಲ್ಲ. ಎಲ್ಲರೂ ಎದ್ದ ಮೇಲೆ ನಾನು ಉಳಿದದ್ದನ್ನು ನಿಂತುಕೊಂಡೇ ನುಂಗುತ್ತಿದ್ದೆ. ಬೆಳಿಗ್ಗೆ ಚಹಾ ಕುಡಿದು ಶಾಲೆಗೆ ಓಡುತ್ತಿದ್ದೆ. ಒಂದು ದಿನ ತರಗತಿಯಲ್ಲಿ ‘ಹೊತ್ತಿಗೆ ಸರಿಯಾಗಿ ಉಣ್ಣಬೇಕು’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದಾಗಲೇ ಕಣ್ಣಿಗೆ ಕತ್ತಲೆ ಕವಿದು ನೆಲಕ್ಕೆ ಕುಸಿದೆ. ಹುಡುಗಿಯರು ನೀರು ಕೊಟ್ಟರು. ಅದೇ ತರಗತಿಯಲ್ಲಿದ್ದ ಶಾಂತಾಳಿಗೆ, ಮನೆಯಲ್ಲಿ ಹೇಳಬೇಡ ಎಂದೆ.

ಮನೆಯಲ್ಲಿ ಅವಳು ಹೇಳಲಿಲ್ಲ. ಮೂರು ದಿನ ಗೈರಾದ ಹುಡುಗಿಯ ಪಾಲಕರಿಗೆ ಕಾರ್ಡು ಬರೆಸುವುದು ನನ್ನ ತರಗತಿಯ ನಿಯಮ. ಒಕ್ಕಣೆ ಅವಳಿಗೆ ಬಾಯಿಪಾಠ. ಶಿರಹಟ್ಟಿಯಲ್ಲಿದ್ದ ನನ್ನ ತಾಯಿಗೆ ಬರೆದು ಹಾಕಿದ್ದಳು: ‘ನಿಮ್ಮ ಮಗಳು ಹನ್ನೆರಡು ದಿನದಿಂದ ಗೈರುಹಾಜರಾಗಿದ್ದಾಳೆ. ಪಾಲಕರು ತಕ್ಷಣ ಬಂದು ಕಾರಣ ತಿಳಿಸಬೇಕು.’ ಊಟಕ್ಕೆ ಎಂಬ ಒಂದು ಶಬ್ದ ಮಾತ್ರ ಬಿಟ್ಟುಹೋಗಿತ್ತು.

ಅಕ್ಷರ ಬಾರದ ನನ್ನ ತಾಯಿಗೆ ಅಂಚೆಯವರು ಅದನ್ನು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದರಂತೆ. ಮಗಳು ಮನೆ ಬಿಟ್ಟು ಓಡಿಹೋದಳೆಂದು ಓಣಿಗೆಲ್ಲ ತಿಳಿಯಿತು. ತಾಯಿ ಬಸ್ಸಿನಲ್ಲಿ ಮುಳಗುಂದದವರೆಗೂ ಅತ್ತಳಂತೆ, ಅಲ್ಲಿಂದ ಮುಂದೆ ಸಿಟ್ಟು ಬಂತಂತೆ. ಅಳಿಯ ಉಪವಾಸ ಬೀಳಬಾರದೆಂದು ಒಣಗಿಸಿ ವಾರಗಟ್ಟಲೆ ಇಡುವ ಕಟಕ ರೊಟ್ಟಿಯ ಒಂದು ಗಂಟನ್ನೂ ಹೊತ್ತು ತಂದಿದ್ದಳು. ಬಂದು ನೋಡಿದರೆ ನಾನು ಒಲೆಯ ಮುಂದೆ ಬೆವರು ಸುರಿಸುತ್ತ ರೊಟ್ಟಿ ಬಡಿಯುತ್ತಿದ್ದೆ.

“ಓಡಿಹೋದಿ ಅಂತ ಜೀವ ಕೈಯಾಗ ಹಿಡ್ಕೊಂಡು ಬಂದೆ. ಇಲ್ಲೇ ಕುಂತೀಯಲ್ಲ,” ಎಂದಳು. ದನಿಯಲ್ಲಿ ಸ್ವಲ್ಪ ನಿರಾಶೆಯೂ ಇತ್ತೆಂದು ನನ್ನ ಗುಮಾನಿ.

ಶಾಂತಾ ನೋಟುಬುಕ್ಕು ತಂದು, ನಾನು ತರಗತಿಯಲ್ಲಿ ಬಿದ್ದದ್ದನ್ನೂ ಸೇರಿಸಿ ಎಲ್ಲವನ್ನೂ ವಿವರಿಸಿದಳು. ಯಜಮಾನರು ಕೈಯಲ್ಲಿನ ತುತ್ತನ್ನು ತಟ್ಟೆಗೆ ಇಳಿಸಿದರು. ಎಲ್ಲರೂ ಅತ್ತೆಯ ಮುಖ ನೋಡಿದೆವು. ಇನ್ನು ನನ್ನ ಕಥೆ ಮುಗಿಯಿತೆಂದುಕೊಂಡೆ. ಅತ್ತೆ ನನ್ನ ತಾಯಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ನಾನೂ ನಲವತ್ತು ವರ್ಷ ಗೈರುಹಾಜರಾಗೇ ಇದ್ದೇರಿ. ನಮ್ಮವ್ವಗ ಯಾರೂ ಕಾರ್ಡ್ ಹಾಕಲಿಲ್ಲ.”

ನನಗೆ ಅಳು ಬಂತು. ತಪ್ಪನ್ನು ಒಲೆಯ ಹೊಗೆಯ ಮೇಲೆ ಹಾಕಿದೆ. ಅತ್ತೆ ಎದ್ದು ಹಂಚು ಇಳಿಸಿದರು, ನನ್ನ ತಾಯಿ ಗಂಟು ಬಿಚ್ಚಿದಳು. ಅಂದಿನಿಂದ ಸಂಜೆಗೆ ಮೊದಲೇ ಬಡಿದಿಟ್ಟ ಕಟಕ ರೊಟ್ಟಿಯೇ. ಯಜಮಾನರ ಹಲ್ಲು ಅದಕ್ಕೆ ಒಗ್ಗಲು ನಾಡು ಒಂದಾಗಲು ಹಿಡಿದಷ್ಟೇ ಕಾಲ ಹಿಡಿಯಿತು. ಪಂಕ್ತಿಯಲ್ಲಿ ಕೂರಲು ಕಲಿಯುವುದರಲ್ಲಿ ನನ್ನದೂ ಅದೇ ಪಾಡು. ಉಪ್ಪು ತರುವೆ, ನೀರು ತರುವೆ ಎಂದು ನಾಲ್ಕು ಸಲ ಏಳುತ್ತಿದ್ದೆ, ಶಾಂತಾ ಪೆನ್ಸಿಲ್ ಎತ್ತಿದ ಕೂಡಲೇ ಕೂರುತ್ತಿದ್ದೆ.

ಶಿರಹಟ್ಟಿಯ ಓಣಿಗೆ ಮಾತ್ರ ಇದೆಲ್ಲ ತಲುಪಲೇ ಇಲ್ಲ. ಇಂದಿಗೂ ಅಲ್ಲಿಗೆ ಹೋದರೆ ಮುದುಕಿಯರು ಕಣ್ಣು ಕಿರಿದು ಮಾಡಿ, ಓಡಿಹೋದಾಕಿ ಯಾವಾಗ ತಿರುಗಿ ಬಂದಿ ಎಂದು ಕೇಳುತ್ತಾರೆ. ವಿವರಿಸಿ ಸಾಕಾಗಿದೆ.

“ಊಟದ ಹೊತ್ತಿಗೆ ಬಂದೇರಿ,” ಎನ್ನುತ್ತೇನೆ.