ಕೆಂಚಾರ್ಲಹಳ್ಳಿಯ ಹಿಮ ಮತ್ತು ಆರನೆಯ ಮೊಳೆ

ಕೆಂಚಾರ್ಲಹಳ್ಳಿಯಲ್ಲಿ ವರ್ಷವಿಡೀ ಹಿಮ ಬೀಳುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ! ಬೀಳುವುದು ಒಂದೇ ಒಂದು ಮನೆಯಲ್ಲಿ, ಅದೂ ನಡುಮನೆಯ ಗೋಡೆಯ ಮೇಲೆ. ಆ ಮನೆ ನನ್ನ ಸೋದರಮಾವನದು.

ಮಾವ ಚಿಂತಾಮಣಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲೇ ಕೂತು ಸೊಸೆಯ ತಲೆ ತಿನ್ನುತ್ತಾರೆ. ಇವರು ಫ್ಲಾಂಡರ್ಸಿಗೆ ಹೋದರು! ಟಿಕೆಟ್ಟು ಕೊಂಡಲ್ಲ, ಹಳೇ ಕ್ಯಾಲೆಂಡರಿನ ಹಾಳೆಗಳಿಗೆ ಕಟ್ಟು ಹಾಕಿಸಿಕೊಂಡು. ಯುರೋಪಿನ ಆ ನಾಡಿನಲ್ಲಿ ಶತಮಾನಗಳ ಹಿಂದೆ ಯಾರೋ ಪುಣ್ಯಾತ್ಮ ವರ್ಷದ ಕಾಲಗಳನ್ನೆಲ್ಲ ಚಿತ್ರ ಬರೆದಿಟ್ಟನಂತೆ; ಕ್ಯಾಲೆಂಡರಿನಲ್ಲಿದ್ದದ್ದು ಅವೇ. ಹಿಮದಲ್ಲಿ ಕಾಲೆಳೆಯುತ್ತ ಬರುವ ಬೇಟೆಗಾರರು, ಅವರ ಹಿಂದೆ ಬಡಕಲು ನಾಯಿಗಳು. ಹುಲ್ಲು ಕೊಯ್ಯುವವರು. ಗೋಧಿ ಕೊಯ್ದು ಸುಸ್ತಾಗಿ ಮರದಡಿ ಕೈಕಾಲು ಚೆಲ್ಲಿ ಬಿದ್ದಿರುವ ಒಬ್ಬ. ಒಟ್ಟು ಆರು ಚಿತ್ರಗಳಿದ್ದು ಈಗ ಐದೇ ಉಳಿದಿವೆಯಂತೆ. ಕಳೆದುಹೋದದ್ದು ವಸಂತ. ಹಾಗಾಗಿ ಮಾವನ ಗೋಡೆಯಲ್ಲಿ ಮೊಳೆ ಆರು, ಚಿತ್ರ ಐದು.

"ಆರನೇದು ನಾನೇ ಬರೀತೀನಿ ಕಣಮ್ಮ. ಪ್ರಪಂಚಕ್ಕೆ ಒಂದು ವಸಂತ ಕಮ್ಮಿ ಬಿದ್ದಿದೆ!"

ಪ್ರಪಂಚ ಇವರ ಹತ್ತಿರ ಬಂದು ಅತ್ತಿತ್ತೇ?

"ನಮ್ ಸೀಮೇಲಿ ವಸಂತ ಎಲ್ಲಿದೆ ಮಾವ? ಬಿಸಿಲು, ಜೋರು ಬಿಸಿಲು, ಕರೆಂಟಿಲ್ದಿರೋ ಬಿಸಿಲು, ಅಷ್ಟೇ!" ಎಂದೆ.

"ನಿಂಗೆ ನೋಡೋ ಕಣ್ಣಿಲ್ಲ ಬಿಡು."

ಕಣ್ಣಿರುವವರ ಕಥೆ ಕೇಳಿ. ನಮ್ಮತ್ತೆ ರೇಷ್ಮೆ ಹುಳು ಸಾಕುತ್ತಾರೆ. ಬೇಸಿಗೆಯಲ್ಲಿ ಹುಳುಮನೆ ಕಾದರೆ ಹುಳು ಉಳಿಯುವುದಿಲ್ಲ, ಅದಕ್ಕೆ ಎಲ್ಲರೂ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಾರೆ. ಮಾವ ಏನು ಮಾಡಿದರು ಹೇಳಿ? ಹಿಮದ ಚಿತ್ರವನ್ನು ಒಯ್ದು ಹುಳುಗಳ ಎದುರಿಗೆ ತೂಗುಹಾಕಿದರು!

"ರೀ, ಹುಳಕ್ಕೆ ಚಿತ್ರ ಕಾಣ್ತದೇನ್ರೀ?" ಎಂದರು ಅತ್ತೆ.

"ಕಾಣ್ದಿದ್ರೇನು, ತಂಪು ತಾಕಲ್ವಾ?"

ಗೋಣಿತಾಟಿಗೆ ನೀರು ಹೊಯ್ದು ಹೊಯ್ದು ಅತ್ತೆಯ ಸೊಂಟ ಬಿದ್ದುಹೋಯಿತು. ಬೆಳೆ ಮಾತ್ರ ಚೆನ್ನಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಸಾಹೇಬರೊಬ್ಬರು ಒಂದು ಹಿಡಿ ಕೈಗೆತ್ತಿಕೊಂಡು, "ಮಾಲ್ ಬಹುತ್ ಅಚ್ಛಾ ಹೈ ಮೇಷ್ಟ್ರೇ! ಏನ್ ಮಾಡಿದ್ರಿ?" ಎಂದರು.

"ಎಲ್ಲಾ ಬೇಟೆಗಾರರ ದಯೆ ಸಾಹೇಬ್ರೇ," ಎಂದರು ಮಾವ. ಸಾಹೇಬರು ಗೂಡನ್ನು ಮೆಲ್ಲಗೆ ಕೆಳಗಿಟ್ಟು ಪಕ್ಕದ ರಾಶಿಗೆ ಹೋಗಿಬಿಟ್ಟರು.

ರಾಗಿ ಕೊಯ್ಲಿನಲ್ಲಿ ಇನ್ನೂ ಅನಾಹುತ. ಊಟ ಹೊತ್ತುಕೊಂಡು ಅತ್ತೆ ಹೊಲಕ್ಕೆ ಹೋದರೆ ರಾಗಿ ನಿಂತಿದೆ, ಆಳುಗಳು ಮಲಗಿದ್ದಾರೆ! ಹೊಂಗೆಮರದ ಕೆಳಗೆ ಕೈಕಾಲು ಚೆಲ್ಲಿಕೊಂಡು, ಥೇಟ್ ಫ್ಲಾಂಡರ್ಸ್! ಎದುರಿಗೆ ಮಾವ, ಹಲಗೆ ಪೆನ್ಸಿಲ್ಲು ಹಿಡಿದು. ಅತ್ತೆ ಕೂಗಾಡಿದ್ದಕ್ಕೆ ಆಳೊಬ್ಬ ಕಣ್ಣು ಕೂಡ ಬಿಡದೆ, "ಸಾರೇ ಪಡುಕೋಮನ್ನಾರಮ್ಮಾ, ಕದಲಕೂಡದಂಟ!" ಎಂದನಂತೆ. ಮೇಷ್ಟ್ರೇ ಮಲಗಲು ಹೇಳಿದ್ದಾರೆ, ಕದಲಬಾರದಂತೆ! ಇಷ್ಟು ಮಾಡಿಯೂ ಆ ಖಾಲಿ ಮೊಳೆಗೊಂದು ಚಿತ್ರ ಬರಲಿಲ್ಲ. ಎಷ್ಟು ವಸಂತ ಬರೆದರೂ ಇವರಿಗೇ ಒಪ್ಪಿಗೆಯಾಗದು, ಹರಿದು ಒಲೆಗೆ ಹಾಕುವರು. ಹೋದಾಗಲೆಲ್ಲ ನಾನು ಹೊಸ್ತಿಲಲ್ಲೇ ನಿಂತು, "ಏನ್ ಮಾವ, ವಸಂತ ಬಂತಾ?" ಎಂದು ಕಿಚಾಯಿಸುತ್ತಿದ್ದೆ. "ಬರ್ತದೆ ಕಣೇ, ತಡಿ" ಎಂದು ಅವರು ರೇಗುತ್ತಿದ್ದರು.

ಹೋದ ವರ್ಷ ಮಾವನ ಬಲಗೈ ನಡುಗಲು ಶುರುವಾಯಿತು. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಕಾಫಿ ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಪಂಚೆಯ ಪಾಲು. ಕುಂಚದ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈ ಯುಗಾದಿಗೆ ಒಬ್ಬಟ್ಟು ಕಟ್ಟಿಕೊಂಡು ಹೋದೆ. ಹಾಳು ನಾಲಿಗೆ, ಅಭ್ಯಾಸಬಲದಿಂದ ಹೊಸ್ತಿಲಲ್ಲೇ, "ಏನ್ ಮಾವ, ವಸಂತ ಬಂತಾ?" ಎಂದುಬಿಟ್ಟಿತು. ನಾಚಿಕೆಯಿಂದ ಒಳಗೆ ಹೋದೆ.

ಮಾವ ಹಲಗೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ನಿಂತ ಅತ್ತೆ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ. ಕುಂಚ ಹಾಳೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು.

"ಹಿಪ್ನೇರ್ಳೆ ಚಿಗುರು ಇಂಗಿರ್ತದೇನ್ರೀ? ಸ್ವಲ್ಪ ಹಳದಿ ಹಾಕ್ಕೊಳ್ಳಿ. ನೀವು ಹೇಳಿ, ನಾನು ಎಳೀತೀನಿ," ಎಂದು ಗದರುತ್ತಿದ್ದರು.

ಸಂಜೆ ಹೊತ್ತಿಗೆ ಆರನೆಯ ಮೊಳೆಗೆ ಚಿತ್ರ ಏರಿತು. ಸತ್ಯ ಹೇಳುತ್ತೇನೆ, ಹಿಪ್ಪುನೇರಳೆ ಗಿಡಗಳು ಹೂಕೋಸಿನಂತಿದ್ದವು. ಮಾವ ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದರು. ನನ್ನ ಬಾಯಿಗೆ ಅವರು ಅಷ್ಟು ಹೆದರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

"ಸೊಟ್ಟಗಿದೆ, ಅಲ್ವೇನಮ್ಮ?"

"ಸೊಟ್ಟಗೇ ಇದೆ ಮಾವ," ಎಂದೆ. "ಆದ್ರೆ ಮನೇಲಿದ್ದ ಚಳಿ ಹೋಯ್ತು."

"ಹೊರಗೆ ಬಿಸಿಲಿಗೆ ಟಾರು ಕರಗ್ತಾ ಇದೆ, ಇವಳಿಗೂ ಚಳಿಯಂತೆ! ಮಾವನ ಹುಚ್ಚು ಸೊಸೆಗೂ ಹತ್ಕೊಂತು," ಎಂದು ಬೈಯುತ್ತಲೇ ಅತ್ತೆ, ಮಾವನ ನಡುಗುವ ಬೆರಳುಗಳಿಗೆ ಅಂಟಿದ್ದ ಹಸಿರನ್ನು ಹಬ್ಬದ ಸೀರೆಯ ಸೆರಗಿನಿಂದ ಒಂದೊಂದಾಗಿ ಒರೆಸುತ್ತಿದ್ದರು.