ಬಾಗಿಲು ದಾಟದ ಕಿವಿ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಣ್ಣಗೆ ಬೆವರುತ್ತದೆ. ಉಳಿದ ಮೇಷ್ಟರುಗಳಿಗೆ ಈ ಕಷ್ಟವಿಲ್ಲ. ಗಣಿತ ಎಂದರೆ ಗಣಿತ, ಇತಿಹಾಸ ಎಂದರೆ ಇತಿಹಾಸ. ನಾನು ದೊಡ್ಡನೆಕ್ಕುಂದಿಯ ಒಂದು ಖಾಸಗಿ ಕಲಾ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಮೂರು ಆಯಾಮದ ವಿನ್ಯಾಸವನ್ನೂ ಕಾಲಾಧಾರಿತ ಮಾಧ್ಯಮವನ್ನೂ ಕಲಿಸುತ್ತೇನೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಲಿಫ್ಟ್ ಇಳಿದು ಹೋಗಿರುತ್ತಾರೆ. ಮಾರತ್ತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಬರೀ ಡ್ರಾಯಿಂಗ್ ಟೀಚರ್. ಹಬ್ಬ ಬಂದಾಗ ಒಮ್ಮೆ ರಂಗೋಲಿ ಹಾಕಲು ಕರೆದರು. ನನಗೆ ರಂಗೋಲಿ ಬರುವುದಿಲ್ಲ ಎಂದು ತಿಳಿದ ದಿನದಿಂದ ನನ್ನ ಕಾಲೇಜಿನ ಮೇಲೆಯೇ ಅವರಿಗೆ ಅನುಮಾನ ಹುಟ್ಟಿದೆ. ದಾವಣಗೆರೆಯಲ್ಲಿರುವ ಅಮ್ಮ ಒಂದು ದಿನ ಫೋನಿನಲ್ಲಿ, "ಮೂರು ಆಯಾಮ ಅಂದ್ರೆ ಏನೇ ಅದು?" ಎಂದು ಕೇಳಿದಳು. "ಉದ್ದ, ಅಗಲ, ಎತ್ತರ ಕಣಮ್ಮಾ" ಎಂದೆ. "ಅದಕ್ಕೂ ಒಂದು ಕಾಲೇಜು ಬೇಕೇನೇ?" ಎಂದಳು.

ಬೇಕು. ಯಾಕೆ ಬೇಕು ಎಂದು ತಿಳಿಯಬೇಕಾದರೆ ನಮ್ಮ ಮಕ್ಕಳನ್ನು ನೋಡಬೇಕು. ಹುಟ್ಟಿದಾಗಿನಿಂದ ಅಂಗೈಯಗಲದ ಚಪ್ಪಟೆ ಗಾಜಿನಲ್ಲಿ ಲೋಕವನ್ನು ಕಂಡವರು ಅವರು. ವಸ್ತುಗಳಿಗೆ ಹಿಂಬದಿ ಇರುತ್ತದೆ ಎಂಬುದನ್ನೇ ಅವರು ಒಪ್ಪುವುದಿಲ್ಲ. ರಟ್ಟಿನಲ್ಲಿ ಒಂದು ಆನೆ ಮಾಡಿ ಎಂದರೆ ಎದುರಿನಿಂದ ಸೊಂಡಿಲು, ಕಿವಿ, ದಂತ ಎಲ್ಲ ಇರುವ ಭರ್ಜರಿ ಆನೆ. ಪಕ್ಕಕ್ಕೆ ಹೋಗಿ ನೋಡಿದರೆ ಆನೆಯೇ ಇಲ್ಲ. "ಹಿಂದೆ ಎಲ್ಲಪ್ಪಾ?" ಎಂದು ಯಶಸ್ ಎಂಬ ಹುಡುಗನನ್ನು ಕೇಳಿದೆ. "ಹಿಂದೆ ಯಾರ್ ನೋಡ್ತಾರೆ ಮ್ಯಾಮ್? ಗೋಡೆಗೆ ಒರಗಿಸ್ಬಿಟ್ರೆ ಆಯ್ತು" ಎಂದ. ಕಾಲಾಧಾರಿತ ಮಾಧ್ಯಮದ ಕಥೆ ಇನ್ನೂ ಕರುಣಾಜನಕ. ಹೆಸರು ಎಷ್ಟೇ ಭಾರವಿದ್ದರೂ ವಿಷಯ ಸರಳ. ಸದ್ದು, ವಿಡಿಯೋ, ಹೀಗೆ ನೋಡುತ್ತ ಕೇಳುತ್ತ ಹೊತ್ತು ಕಳೆಯುವ ಕಲೆ. ಮಾರತ್ತಹಳ್ಳಿ ಜಂಕ್ಷನ್ನಿನಲ್ಲಿ ನಿಂತು ಅಲ್ಲಿನ ಸದ್ದು ಹಿಡಿದು ತನ್ನಿ ಎಂದೆ. ಇಡೀ ತರಗತಿ ಮನೆಯಲ್ಲೋ ಹಾಸ್ಟೆಲಿನಲ್ಲೋ ಮಲಗಿ, ಇಂಟರ್ನೆಟ್ಟಿನಿಂದ ಟ್ರಾಫಿಕ್ ಸದ್ದು ಇಳಿಸಿಕೊಂಡು ಬಂದಿತ್ತು. ಅದರಲ್ಲಿ ಒಂದೇ ಒಂದು ಹಾರ್ನ್ ಇರಲಿಲ್ಲ. ಯಾವ ಪುಣ್ಯಭೂಮಿಯ ರಸ್ತೆಯೋ ಏನೋ!

ಇಂಥವರ ನಡುವೆ ಸಹನಾ ಇದ್ದಳು. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆಲ್ಲ "ಹೂಂ ಮ್ಯಾಮ್" ಎಂದು, ಕೊನೆಗೆ ಏನನ್ನೂ ಮಾಡದ ಹುಡುಗಿ. ಅವಳ ತಂದೆ ವಿಮಾ ಕಂಪನಿಯೊಂದರಲ್ಲಿ ಮ್ಯಾನೇಜರ್. ವಿಜಯಪುರದ ಕಡೆಯವರು, ಈಗ ಇಲ್ಲೇ ಮನೆ. ಮಗಳನ್ನು ಕಲೆ ಓದಲು ಕಳುಹಿಸಿದ್ದಕ್ಕೆ ಬಂಧುಗಳಿಗೆಲ್ಲ ಉತ್ತರ ಹೇಳಿ ಸೋತವರು. ವರ್ಷದ ಪ್ರದರ್ಶನ ಹತ್ತಿರ ಬಂದಾಗ ಸಹನಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಅಪ್ಪ ಈ ಶೋ ನೋಡಿ ಡಿಸೈಡ್ ಮಾಡ್ತಾರಂತೆ ಮ್ಯಾಮ್. ಇಷ್ಟ ಆಗ್ಲಿಲ್ಲಾಂದ್ರೆ ಬಿ.ಕಾಂ.ಗೆ ಹಾಕ್ತಾರೆ" ಎಂದು ಅತ್ತಳು. ಏನು ಮಾಡಬೇಕೆಂದಿದ್ದೀಯಾ ಎಂದು ಕೇಳಿದೆ. ಮೂಗು ಒರೆಸಿಕೊಂಡು, "ಒಂದು ಕಿವಿ" ಎಂದಳು. ತಲೆ ಒಳಗೆ ಹಾಕಿ ಕೇಳಬಹುದಾದಂಥ ದೊಡ್ಡ ಕಿವಿ. ಒಳಗೆ ಸ್ಪೀಕರ್, ಅದರಲ್ಲಿ ಅವಳ ಮನೆಯ ಒಂದು ದಿನದ ಸದ್ದು.

ನನಗೆ ರೋಮಾಂಚನವಾಯಿತು. ಬಿದಿರಿನ ದಬ್ಬೆ ಕಟ್ಟಿ, ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಹಚ್ಚಿ ಅವಳು ಕೆಲಸಕ್ಕೆ ಕೂತಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕಿವಿಯ ಮಡಿಕೆ, ತಿರುವು, ಹಾಲೆ ಎಲ್ಲವೂ ಬಂತು. ಹಿಂಬದಿ ಕೂಡ! ನಾನು ದಿನಾ ಅದನ್ನು ಸುತ್ತಿ ಸುತ್ತಿ ನೋಡುತ್ತಿದ್ದೆ, ನೋಡಿದಾಗಲೆಲ್ಲ "ಇನ್ನೂ ಸ್ವಲ್ಪ ದೊಡ್ಡದು ಮಾಡು" ಎನ್ನುತ್ತಿದ್ದೆ. ಅವಳು ಮಾಡುತ್ತಿದ್ದಳು.

ನಮ್ಮ ಕಾಲೇಜು ಹಿಂದೊಮ್ಮೆ ಗಾರ್ಮೆಂಟ್ ಫ್ಯಾಕ್ಟರಿಯಾಗಿದ್ದ ಕಟ್ಟಡ. ನಮ್ಮ ಕೋಣೆ ಮೇಲಿನ ಮಹಡಿಯಲ್ಲಿ, ಪ್ರದರ್ಶನ ಕೆಳಗಿನ ಹಾಲಿನಲ್ಲಿ. ಪ್ರದರ್ಶನದ ದಿನ ಸಂಜೆ, ಪೋಷಕರು ಬರಲು ಶುರುವಾದ ಮೇಲೆ, ಕಿವಿಯನ್ನು ಇಳಿಸಲು ಹೊರಟೆವು. ಯಶಸ್ ಮತ್ತು ಗೆಳೆಯರು ಹೊರಗಿನಿಂದ ಎಳೆದರು. ನಾನು ಒಳಗಿನಿಂದ ತಳ್ಳಿದೆ. ಅರ್ಧ ಹೋದ ಕಿವಿ ನಿಂತಿತು. ಓರೆ ಮಾಡಿದೆವು, ಎತ್ತಿದೆವು, ತಿರುಗಿಸಿದೆವು. "ಇನ್ನೊಂದ್ ಸಲ ಜೋರಾಗಿ ಎಳೀರೋ" ಎಂದು ನಾನೇ ಕೂಗಿದೆ. ಎಳೆದರು. ಕರ್ರ್ ಎಂಬ ಸದ್ದಿನೊಂದಿಗೆ ಕಿವಿ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೂರು ಆಯಾಮ ಕಲಿಸುವ ನಾನು ಬಾಗಿಲಿನ ಅಗಲ ನೋಡಿರಲಿಲ್ಲ. ಕಿಟಕಿಗಳಿಗೆ ಗ್ರಿಲ್. ನನ್ನ ಫೋನು ಹೊರಗಿನ ಬ್ಯಾಗಿನಲ್ಲಿ. ಒಳಗೆ ನಾನೊಬ್ಬಳೇ.

"ಮೇಡಂ, ಚೀಫ್ ಗೆಸ್ಟ್ ಬಂದ್ಬಿಟ್ರು! ಎಲ್ಲಿದೀರ್ರೀ?" ಎಂದು ಪ್ರಿನ್ಸಿಪಾಲರ ದನಿ ಕೇಳಿತು. "ಕಿವಿಯ ಹಿಂದೆ ಇದೀನಿ ಸಾರ್" ಎಂದೆ. ಅವರು "ಸರಿ, ಅಲ್ಲೇ ಇರಿ" ಎಂದು ಇಳಿದು ಹೋದರು. ಹುಡುಗರು ಗರಗಸ ಹುಡುಕಲು ಓಡಿದರು. "ಕತ್ತರಿಸ್ಬೇಡಿ ಮ್ಯಾಮ್, ಪ್ಲೀಸ್. ಅಪ್ಪ ಇನ್ನೂ ನೋಡಿಲ್ಲ" ಎಂದು ಸಹನಾ ಹೊರಗೆ ಅಳುತ್ತಿದ್ದಳು. ಇಷ್ಟು ವರ್ಷ ಕಲಿಸಿ ನಾನು ಸಾಧಿಸಿದ್ದು ಇದೇ ಎನ್ನಿಸಿ ಒಂದು ಸ್ಟೂಲಿನ ಮೇಲೆ ಕುಸಿದು ಕೂತೆ.

ಆಗ ಆಚೆಯಿಂದ ಈಚೆಗೆ ತೂರಿದ್ದ ಕಿವಿಯ ತೂತಿನೊಳಗಿಂದ ಒಬ್ಬ ಗಂಡಸಿನ ದನಿ ಬಂತು. "ಮೇಡಂ ಅವರ, ಒಳಗ ಇದ್ದೀರೇನ್ರಿ? ನಾ ಸಹನಾನ ಅಪ್ಪ ರೀ."

ಗಾಬರಿಯಾಗಿ ಎದ್ದು ನಿಂತು ಕಿವಿಗೆ ನಮಸ್ಕಾರ ಮಾಡಿದೆ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದರು. "ಈ ಹುಡುಗಿಗೆ ಇದರಾಗ ಮುಂದ ಏನರ ಐತೇನ್ರಿ?"

ಪೋಷಕರಿಗೆಂದೇ ನನ್ನ ಬಳಿ ಒಂದು ಭಾಷಣವಿದೆ. ಅವಕಾಶಗಳು, ಸೃಜನಶೀಲತೆ, ಬದಲಾಗುತ್ತಿರುವ ಜಗತ್ತು. ಆದರೆ ಮೈದಾ ವಾಸನೆಯ ಆ ಕತ್ತಲೆ ತೂತಿಗೆ ಬಾಯಿಟ್ಟು ಅದನ್ನೆಲ್ಲ ಹೇಳಲು ನಾಲಿಗೆ ಹೊರಳಲಿಲ್ಲ. "ಗೊತ್ತಿಲ್ಲ ಸಾರ್" ಎಂದೆ. "ಆದ್ರೆ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ ಇನ್ನೊಬ್ಬ ಹುಡುಗೀನ ನಾನು ನೋಡಿಲ್ಲ."

"ಬಾಗಲದ ಅಳತಿ ತಗೋಬೇಕಾಗಿತ್ತಲ್ರಿ?"

"ತಗೋಬೇಕಾಗಿತ್ತು ಸಾರ್. ಅದು ನನ್ನ ತಪ್ಪು, ಅವಳದ್ದಲ್ಲ."

 ಬೇರೆ ಏನೂ ತೋಚದೆ ನಾನು ಕಿವಿಯ ಹಿಂಬದಿಯಲ್ಲಿದ್ದ ಸ್ಪೀಕರಿನ ಗುಂಡಿ ಒತ್ತಿದೆ. ಕುಕ್ಕರಿನ ಕೂಗು, ನೀರಿನ ಕ್ಯಾನ್ ಇಳಿಸಿದ ದಡ್, ಸೆಕ್ಯೂರಿಟಿಯವನ ಸೀಟಿ. ಆಮೇಲೆ ಚಪ್ಪಲಿ ಬಿಡುವ ಸದ್ದು, ಒಂದು ದನಿ: "ಸಹನಾ ಉಂಡಳೇನು?" ಅಡುಗೆಮನೆಯಿಂದ ಹೆಂಗಸಿನ ಉತ್ತರ: "ಉಂಡಳು." ಮತ್ತೆ ಮಿಕ್ಸಿ, ಟಿ.ವಿ., ಫ್ಯಾನು. ಮತ್ತೆ ಅದೇ ದನಿ: "ಸಹನಾ ಛತ್ರಿ ಒಯ್ದಾಳೇನು?" "ಸಹನಾ ಯಾಕ ಇವತ್ತು ಸುಮ್ನದಾಳ?" "ಸಹನಾ ಮಲಗಿದಳೇನು?" ಎಲ್ಲ ಪ್ರಶ್ನೆಯೂ ತಾಯಿಗೆ. ಮಗಳಿಗೆ ಒಂದೂ ಇರಲಿಲ್ಲ.

ಸದ್ದು ಮುಗಿಯಿತು. "ಇದು ನನ್ನ ದನಿ ಏನ್ರಿ?" ಎಂದರು. ಹೌದು ಸಾರ್ ಎಂದೆ. ಅವರು ಕಿವಿಯಿಂದ ತಲೆ ಹೊರಗೆ ತೆಗೆದಿರಬೇಕು, ಮುಂದಿನ ಮಾತು ದೂರದಿಂದ ಕೇಳಿತು.

"ಸಹನಾ, ಉಂಡಿಯೇನವಾ?"

"ಇಲ್ಲ ಅಪ್ಪಾ. ಬೆಳಗ್ಗೆಯಿಂದ ಇಲ್ಲ."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತೆ.

ಗರಗಸ ಬಂದಾಗ ಯಾರಿಗೂ ಕೊಡದೆ ಸಹನಾಳೇ ತೆಗೆದುಕೊಂಡಳು. "ಮ್ಯಾಮ್ ಒಳಗೆ ಸಿಕ್ಕಾಕೊಂಡಿದಾರಲ್ವಾ" ಎಂದು ಮೊದಲು ಹಾಲೆ ಕತ್ತರಿಸಿದಳು. ಆಮೇಲೆ ದಬ್ಬೆಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡು, ಕಿವಿ ಎಂಬುದು ಒಂದು ರಾಶಿ ಪೇಪರಾಯಿತು. ನಾನು ಅದನ್ನು ತುಳಿದುಕೊಂಡು ಹೊರಗೆ ಬಂದೆ. ಅವಳ ತಂದೆ ಹಣೆಯ ವಿಭೂತಿಯ ಮೇಲೆಲ್ಲ ಪೇಪರಿನ ಚೂರು ಅಂಟಿಸಿಕೊಂಡು ನಿಂತಿದ್ದರು. "ಈ ವರ್ಷ ಮುಗೀಲಿ. ಆಮ್ಯಾಲೆ ನೋಡೂಣು" ಎಂದಷ್ಟೇ ಹೇಳಿ ಮಗಳನ್ನು ಊಟಕ್ಕೆ ಕರೆದುಕೊಂಡು ಹೋದರು. ಅದು ಒಪ್ಪಿಗೆಯೋ ನಿರಾಕರಣೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮರುದಿನ ಪ್ರಿನ್ಸಿಪಾಲರು ಕರೆಸಿ, "ಮುಂದಿನ ವರ್ಷದಿಂದ ಎಲ್ಲಾನೂ ಕಂಪ್ಯೂಟರಲ್ಲೇ ಮಾಡ್ಸಿಬಿಡಿ ಮೇಡಂ. ಯಾವ ಬಾಗಿಲಿಗೂ ಸಿಕ್ಕಾಕೊಳ್ಳಲ್ಲ" ಎಂದರು. 

ಇಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ಆ ವಾರ ವಿಡಿಯೋ ಪಾಠದ ಕೊನೆಯ ಕೆಲಸವನ್ನು ಒಪ್ಪಿಸಬೇಕಿತ್ತು. ಕ್ಯಾಮೆರಾ ಒಂದೇ ಕಡೆ ಇರಬೇಕು, ನಡುವೆ ಕತ್ತರಿಸುವಂತಿಲ್ಲ, ಸಂಗೀತ ಸೇರಿಸುವಂತಿಲ್ಲ ಎಂದು ನಾನೇ ಗಂಟಲು ಹರಿಯುವಂತೆ ಹೇಳಿದ್ದೆ. ಯಶಸ್ ತನ್ನ ವಿಡಿಯೋ ತಂದು ತೋರಿಸಿದ. ಪ್ರದರ್ಶನದ ಸಂಜೆ ಅವನು ರೆಕಾರ್ಡಿಂಗ್ ಒತ್ತಿ ಫೋನನ್ನು ಕಾರಿಡಾರಿನ ಕಿಟಕಿಯಲ್ಲಿ ಇಟ್ಟು ಮರೆತೇಬಿಟ್ಟಿದ್ದನಂತೆ. ಬಾಗಿಲ ತುಂಬ ಕಿವಿ. ಅದರ ಮೇಲಿನ ಸಂದಿಯಲ್ಲಿ ಆಗಾಗ ಏಳುವ ನನ್ನ ಎರಡು ಕೈ. ತಲೆ ತೂರಿಸಿ ನಿಂತ ಸಹನಾಳ ತಂದೆಯ ಬೆನ್ನು. ಕೊನೆಗೆ ಕಿವಿಯ ಹಿಂದಿನಿಂದ, ಬಾಯಿಗೆ ಸೆರಗು ಒತ್ತಿಕೊಂಡಿದ್ದೆ ಎಂದು ನಾನು ನಂಬಿದ್ದ ಹೊತ್ತಿನಲ್ಲಿ, ಇಡೀ ಮಹಡಿಗೆ ಕೇಳುವಂತೆ ಗೊಳೋ ಎಂದು ಅಳುವ, ನಡುನಡುವೆ ಮೂಗು ಸೊರ್ರೆಂದು ಎಳೆಯುವ ಹೆಂಗಸಿನ ಸದ್ದು.

"ಒಂದೂ ಕಟ್ ಇಲ್ಲ ಮ್ಯಾಮ್. ನೀವ್ ಹೇಳಿದ್ ಹಾಗೇನೇ. ಹೇಗಿದೆ?" ಎಂದ ಯಶಸ್.

"ತುಂಬಾ ಚೆನ್ನಾಗಿದೆ" ಎಂದೆ. ತರಗತಿಯಲ್ಲಿ ಬೇರೆ ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು ದನಿ ತಗ್ಗಿಸಿದೆ. "ಆ ಕೊನೇಲಿ ನಾನು ಅಳ್ತೀನಲ್ಲ, ಅಲ್ಲೊಂಚೂರು ಕಟ್ ಮಾಡಿ, ವಯಲಿನ್ ಹಾಕೋಕಾಗತ್ತೇನಪ್ಪಾ?"